ಲಯ ತಪ್ಪಿದ ಹೆಜ್ಜೆಗೆ ಮನೆಯ ಆಸರೆ

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದತ್ತ ಮುಂಜಾನೆ ಹೋದವರಿಗೆ ಒಂದು ನೋಟ ಚಿರಪರಿಚಿತ. ಮಂಜು ಕರಗುವ ಮೊದಲೇ ಮಕ್ಕಳು ಓಟದ ಅಭ್ಯಾಸಕ್ಕೆ ಇಳಿದಿರುತ್ತಾರೆ. ಅಂಚಿನಲ್ಲಿ ತಂದೆಯೋ ತಾಯಿಯೋ ನೀರಿನ ಬಾಟಲಿ ಹಿಡಿದು ಕಾದಿರುತ್ತಾರೆ. ಜಿಲ್ಲಾ ಮಟ್ಟದ ಕ್ರೀಡಾಕೂಟ ಬಂತೆಂದರೆ ಗುಬ್ಬಿಯಿಂದಲೂ ಕುಣಿಗಲ್ಲಿನಿಂದಲೂ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳ ಕಣ್ಣುಗಳಲ್ಲಿ ಒಂದೇ ಕನಸು: ಮೊದಲು ರಾಜ್ಯ ತಂಡ, ಅನಂತರ ರಾಷ್ಟ್ರ ತಂಡ. ಗೆದ್ದ ಮಗುವಿಗೆ ಶಾಲೆಯಲ್ಲಿ ಹಾರ, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಚಪ್ಪಾಳೆ, ಮನೆಯ ಗೋಡೆಯ ಮೇಲೆ ಪದಕ. ಗೆಲುವಿನ ದಿನ ನಂಟರಿಗೆ ಬರವಿಲ್ಲ.

ಆದರೆ ಮರುವರ್ಷ ಅದೇ ಮಗು ಅದೇ ಓಟವನ್ನು ಹಿಂದಿನ ವೇಗದಲ್ಲಿ ಮುಗಿಸಲಾರದೆ ಹೋದರೆ? ಅಭ್ಯಾಸ ತಪ್ಪಿಲ್ಲ, ಶ್ರದ್ಧೆ ಕುಂದಿಲ್ಲ. ಆದರೂ ಕಾಲು ಮಾತು ಕೇಳುತ್ತಿಲ್ಲ. ಕ್ರೀಡಾ ವಸತಿ ನಿಲಯದಲ್ಲಿ ಸ್ಥಾನ ಉಳಿದೀತೇ ಎಂಬ ಚಿಂತೆ ಒಂದು ಕಡೆ, ಕ್ರೀಡೆಗಾಗಿ ಹಿಂದೆ ಬಿದ್ದ ಓದು ಇನ್ನೊಂದು ಕಡೆ. ಅಂಗಳದಲ್ಲಿ ಚಪ್ಪಾಳೆ ತಟ್ಟಿದವರೇ ಈಗ ‘ಏನಾಯಿತು ಮಗುವಿಗೆ?’ ಎಂದು ತಾಯಿಯನ್ನು ಕೇಳುತ್ತಾರೆ. ಆ ತಾಯಿಗೆ ಉತ್ತರ ತಿಳಿಯದು. ಮಗುವಿಗಂತೂ ಮೊದಲೇ ತಿಳಿಯದು. ಇಂತಹ ಸಮಯದಲ್ಲಿ ನಾವು, ಅಂದರೆ ಮನೆಯವರು ಮತ್ತು ನೆರೆಹೊರೆಯವರು, ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈ ವಾರ ಆಲೋಚಿಸುವುದು ಉಚಿತವೆಂದು ಭಾವಿಸಿದ್ದೇವೆ.

ದೂರದ ದೇಶಗಳ ಉದಾಹರಣೆ ನಮಗೆ ಬೇಕಾಗಿಲ್ಲ. ಕರ್ನಾಟಕದ ಮನೆಮನೆಗೂ ಪರಿಚಿತವಾದ ಕರುಣ್ ನಾಯರ್ ಎಂಬ ದಾಂಡಿಗನ ಬದುಕೇ ಈ ಮಾತಿಗೆ ಸಾಕ್ಷಿಯಾಗಿ ನಿಂತಿದೆ.

1991ರ ಡಿಸೆಂಬರ್ 6ರಂದು ಜೋಧಪುರದಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ಈತ 2013–14ರ ಸಾಲಿನಲ್ಲಿ ಕರ್ನಾಟಕದ ಪರವಾಗಿ ರಣಜಿ ಪಂದ್ಯಗಳಿಗೆ ಕಾಲಿಟ್ಟು, ಮೊದಲ ಋತುವಿನಲ್ಲಿಯೇ ಮೂರು ಶತಕ ಬಾರಿಸಿದರು. ಮರುವರ್ಷ ಮುಂಬಯಿಯಲ್ಲಿ ತಮಿಳುನಾಡಿನ ವಿರುದ್ಧ ನಡೆದ ಅಂತಿಮ ಪಂದ್ಯದಲ್ಲಿ 328 ರನ್ ಗಳಿಸಿದರು. ಆ ಎರಡು ವರ್ಷವೂ ರಣಜಿ ಟ್ರೋಫಿ ಕರ್ನಾಟಕದ ಪಾಲಾಯಿತು. 2016ರ ಜುಲೈ ತಿಂಗಳಲ್ಲಿ ಕೇರಳದ ಆರನ್ಮುಳದ ಬಳಿ ಪಂಪಾ ನದಿಯಲ್ಲಿ ದೋಣಿ ಮಗುಚಿದಾಗ, ಈಜು ಬಾರದ ಈ ತರುಣ ಇತರರ ನೆರವಿನಿಂದ ಬದುಕಿ ಉಳಿದರು. ಅದೇ ವರ್ಷ ನವೆಂಬರಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊಹಾಲಿಯಲ್ಲಿ ಟೆಸ್ಟ್ ಕ್ರಿಕೆಟ್ಟಿಗೆ ಪದಾರ್ಪಣೆ ಮಾಡಿದರು. ಮೊದಲ ಎರಡು ಟೆಸ್ಟ್‌ಗಳಲ್ಲಿ ಗಳಿಸಿದ್ದು 4 ಮತ್ತು 13 ಮಾತ್ರ. ಮೂರನೆಯದು ಚೆನ್ನೈನಲ್ಲಿ. 2016ರ ಡಿಸೆಂಬರ್ 19ರಂದು ಈ ಇಪ್ಪತ್ತೈದರ ತರುಣ ಔಟಾಗದೆ 303 ರನ್ ಗಳಿಸಿದಾಗ ದೇಶವೇ ಎದ್ದು ನಿಂತಿತು. ಟೆಸ್ಟ್ ಪಂದ್ಯದಲ್ಲಿ ಮುನ್ನೂರು ದಾಟಿದ ಭಾರತೀಯರಲ್ಲಿ ಇವರು ವೀರೇಂದ್ರ ಸೆಹ್ವಾಗ್ ಅವರ ನಂತರ ಎರಡನೆಯವರು. ತಮ್ಮ ಮೊದಲ ಟೆಸ್ಟ್ ಶತಕವನ್ನೇ ಮುನ್ನೂರಕ್ಕೆ ಒಯ್ದವರು ಜಗತ್ತಿನಲ್ಲಿ ಇವರಿಗಿಂತ ಮೊದಲು ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್.

ಇಷ್ಟಾದ ಮೇಲೆ ಈ ತರುಣನ ಭವಿಷ್ಯ ಭದ್ರವಾಯಿತೆಂದು ಎಲ್ಲರೂ ಭಾವಿಸಿದರು. ಆದದ್ದೇ ಬೇರೆ. ಗಾಯದಿಂದ ಚೇತರಿಸಿಕೊಂಡ ಹಿರಿಯ ಆಟಗಾರ ಮರಳಿದ್ದರಿಂದ ಮುಂದಿನ ಟೆಸ್ಟ್‌ನಲ್ಲಿಯೇ ಇವರಿಗೆ ಸ್ಥಾನ ತಪ್ಪಿತು. 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅವಕಾಶ ದೊರೆತರೂ ನಾಲ್ಕು ಇನ್ನಿಂಗ್ಸ್‌ಗಳಲ್ಲಿ ಬಂದದ್ದು 26, 0, 23 ಮತ್ತು 5. ಒಟ್ಟು ಐವತ್ತನಾಲ್ಕು ರನ್. ಅಲ್ಲಿಗೆ ರಾಷ್ಟ್ರ ತಂಡದ ಬಾಗಿಲು ಮುಚ್ಚಿತು. 2018ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆದೊಯ್ದರೂ ಅಂಗಳಕ್ಕಿಳಿಯುವ ಭಾಗ್ಯ ಒದಗಲಿಲ್ಲ. ಕ್ರಮೇಣ ದೇಶೀಯ ಪಂದ್ಯಗಳಲ್ಲಿಯೂ ರನ್ ಬತ್ತಿತು. 2022–23ರ ಸಾಲಿನಲ್ಲಿ ಸ್ವಂತ ರಾಜ್ಯದ ರಣಜಿ ತಂಡದಲ್ಲಿಯೇ ಅವರಿಗೆ ಸ್ಥಾನವಿರಲಿಲ್ಲ. 2022ರ ಡಿಸೆಂಬರ್ 10ರಂದು, ತಮಗೆ ಇನ್ನೊಂದೇ ಒಂದು ಅವಕಾಶ ಕೊಡುವಂತೆ ಕ್ರಿಕೆಟ್ಟನ್ನೇ ಸಂಬೋಧಿಸಿ ಅವರು ಟ್ವಿಟರಿನಲ್ಲಿ ಬರೆದ ಒಂದು ಸಾಲಿನ ಬೇಡಿಕೆಯನ್ನು ಓದಿ ಮರುಗದವರು ವಿರಳ. ಮುನ್ನೂರು ಹೊಡೆದ ಆಟಗಾರನಿಗೆ ಆರು ವರ್ಷಗಳಲ್ಲಿ ಆಡಲು ಒಂದು ತಂಡವಿಲ್ಲದಂತಾದ ಸ್ಥಿತಿ ಅದು.

ಸಹೃದಯ ಓದುಗರೇ, ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಲಯ ತಪ್ಪುವುದು ಸೋಮಾರಿಗಳಿಗೆ ಮಾತ್ರ ಒದಗುವ ಶಿಕ್ಷೆಯೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ‘ಮೊಬೈಲು ಹಿಡಿದು ಕೂತರೆ ಇನ್ನೇನಾಗುತ್ತೆ?’ ಎಂದು ಗದರಿಸಿ ತಂದೆಯಾದವರು ಕರ್ತವ್ಯ ಮುಗಿಸುತ್ತಾರೆ. ಕೆಲವೊಮ್ಮೆ ಆ ಗದರಿಕೆಯಲ್ಲಿ ಹುರುಳಿರಬಹುದು. ಆದರೆ ಕಾರಣ ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ಈ ವಿಷಯದಲ್ಲಿ ಕುಣಿಗಲ್ಲಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಊರು ಅದು. ಓಟದ ಕುದುರೆಯೊಂದು ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ ಅನುಭವಿಗಳು ಚಾಟಿ ಎತ್ತುವುದಿಲ್ಲ. ಮೊದಲು ಗೊರಸು ನೋಡುತ್ತಾರೆ, ಕಾಲಿನ ಕೀಲು ಮುಟ್ಟಿ ನೋಡುತ್ತಾರೆ, ಉಸಿರಾಟ ಗಮನಿಸುತ್ತಾರೆ, ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಮೇವು ಬದಲಿಸುತ್ತಾರೆ, ಬೇಕಾದರೆ ಕೆಲವು ಕಾಲ ಹುಲ್ಲುಗಾವಲಿಗೆ ಬಿಡುತ್ತಾರೆ. ಲಕ್ಷಾಂತರ ರೂಪಾಯಿಯ ಪ್ರಾಣಿಗೆ ನಾವು ತೋರುವ ಈ ತಾಳ್ಮೆ ಬೆಲೆ ಕಟ್ಟಲಾಗದ ಮಕ್ಕಳಿಗೂ ಸಲ್ಲಬೇಡವೇ?

ವೈದ್ಯರು ಹೇಳುವ ಕಾರಣಗಳು ಸರಳವಾಗಿವೆ. ವಿಶ್ರಾಂತಿಯಿಲ್ಲದ ಅತಿಯಾದ ಅಭ್ಯಾಸ ಮೊದಲನೆಯದು. ದೇಹ ಬಲಗೊಳ್ಳುವುದು ಶ್ರಮದ ನಂತರದ ವಿರಾಮದಲ್ಲಿ. ವಿರಾಮವೇ ಇಲ್ಲದಿದ್ದರೆ ಶ್ರಮ ಹೆಚ್ಚಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೊಂದರವರೆಗೆ ಟ್ಯೂಷನ್ ಪಾಠ ಓದಿ ಬೆಳಗಿನ ನಾಲ್ಕೂವರೆಗೆ ಏಳುವ ಮಗುವಿಗೆ ಅದರ ಅರ್ಧವಷ್ಟೇ ದೊರೆಯುತ್ತದೆ. ಎರಡನೆಯದು ಬೆಳವಣಿಗೆ. ಎತ್ತರ ಒಮ್ಮೆಲೇ ಏರುವ ವಯಸ್ಸಿನಲ್ಲಿ ಕೈಕಾಲುಗಳ ಹೊಂದಾಣಿಕೆ ಕೆಲವು ತಿಂಗಳು ತಪ್ಪುವುದು ಸಹಜ. ಮೂರನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಓಟದಲ್ಲಿ ಬೇಗನೆ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಜರೆಯುವ ಮೊದಲು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ವಿವೇಕ. ಸೊಪ್ಪು, ಕಾಳು, ಮೊಟ್ಟೆ, ಮಾಂಸ ತಟ್ಟೆಯಲ್ಲಿರಲಿ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಶ್ರಮಕ್ಕೆ ತಕ್ಕ ಆಹಾರವಿಲ್ಲದೆ ಹೆಣ್ಣುಮಕ್ಕಳ ಋತುಚಕ್ರ ನಿಂತುಹೋದರೆ ಅದು ಮೂಳೆಗಳಿಗೂ ಅಪಾಯದ ಸೂಚನೆ. ತಾಯಂದಿರು ಸಂಕೋಚ ಬಿಟ್ಟು ವಿಚಾರಿಸಬೇಕಾದ ವಿಷಯವಿದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಲಯ ತಪ್ಪಿದ ಮನೆಗೆ ಮೊದಲು ಬರುವ ಅತಿಥಿ ಎಂದರೆ ಡಬ್ಬಿಯ ಪುಡಿ, ಹೆಸರು ತಿಳಿಯದ ಮಾತ್ರೆ. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು ನಾಡಿಗೆ ಹೆಮ್ಮೆ ತಂದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ಮರುವರ್ಷವೇ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಲುಕಿದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಮಾತ್ರೆಯೇ ಇದಕ್ಕೆ ಕಾರಣವೆಂಬುದು ಅವರ ವಾದವಾಗಿತ್ತು. ಒಂದು ವರ್ಷದ ನಿಷೇಧ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಎರಡು ವರ್ಷಕ್ಕೇರಿತು. ಏನು ನುಂಗುತ್ತಿದ್ದೇವೆಂಬುದರ ಹೊಣೆ ಕೊನೆಗೆ ಕ್ರೀಡಾಪಟುವಿನ ಮೇಲೆಯೇ ಬೀಳುತ್ತದೆ. ಆದುದರಿಂದ ವೈದ್ಯರಿಗೆ ತೋರಿಸದ ಯಾವ ಡಬ್ಬಿಯೂ ಮಕ್ಕಳ ಕೈ ಸೇರದಿರಲಿ.

ದೇಹದ ಮಾತಾಯಿತು, ಮನಸ್ಸಿನ ಮಾತು ಇನ್ನೂ ಸೂಕ್ಷ್ಮ. ಕೊಡಗಿನಲ್ಲಿ ಹುಟ್ಟಿದ ರಾಬಿನ್ ಉತ್ತಪ್ಪ 2007ರಲ್ಲಿ ಟ್ವೆಂಟಿ–20 ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದವರು. 2009ರಿಂದ 2011ರವರೆಗೆ ತಾವು ಖಿನ್ನತೆಯಿಂದ ನರಳಿದ್ದನ್ನೂ, ಬದುಕು ಬೇಡವೆಂಬ ಯೋಚನೆ ದಿನವೂ ಕಾಡುತ್ತಿದ್ದುದನ್ನೂ ಅವರು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ನೆರವು ಪಡೆದು ಚೇತರಿಸಿಕೊಂಡ ಅವರು 2014ರ ಐ.ಪಿ.ಎಲ್.ನಲ್ಲಿ ಎಲ್ಲರಿಗಿಂತ ಹೆಚ್ಚು, 660 ರನ್ ಗಳಿಸಿದರು. ಹೊರಗೆ ನಗುತ್ತಿದ್ದ ಹೆಸರಾಂತ ಆಟಗಾರನ ಒಳಗೆ ಇಷ್ಟು ಕತ್ತಲೆ ಇದ್ದಿತೆಂದರೆ, ಹದಿನಾರು ವಯಸ್ಸಿನ ಮಗುವಿನ ಮೌನವನ್ನು ನಾವು ಹಗುರವಾಗಿ ಕಾಣಲಾದೀತೇ? ಮಗು ಊಟ ಬಿಟ್ಟರೆ, ನಿದ್ರೆ ಕೆಟ್ಟರೆ, ಗೆಳೆಯರಿಂದ ದೂರವಾದರೆ, ತಾನು ಯಾರಿಗೂ ಬೇಡದವನೆಂಬ ಮಾತನಾಡಿದರೆ ಬುದ್ಧಿವಾದ ಬದಿಗಿರಿಸಿ ಮೊದಲು ಕಿವಿಗೊಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಬಳಿ ಹೋಗುವುದು ಅವಮಾನವೆಂದು ತಿಳಿಯುವವರಿಗೆ ಒಂದೇ ಪ್ರಶ್ನೆ: ಕಾಲು ಉಳುಕಿದರೆ ನಾವು ನಾಚುತ್ತೇವೆಯೇ?

ಇನ್ನು ಎಲ್ಲ ಚಿಕಿತ್ಸೆ, ಎಲ್ಲ ವಿರಾಮದ ನಂತರವೂ ಹಳೆಯ ವೇಗ ಮರಳದೆ ಹೋಗಬಹುದು. ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆಗ ಗುಬ್ಬಿಯ ಕಡೆಗೆ ನೋಡಬೇಕು. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿಯ ಚನ್ನಬಸವೇಶ್ವರ ನಾಟಕ ಮಂಡಳಿಗೆ ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಆ ಕಂಪೆನಿಯ ಒಡೆಯರೇ ಆದರು. ಹಳೆಯ ವೃತ್ತಿರಂಗಭೂಮಿಯಲ್ಲಿ ಬಾಲಪಾತ್ರ, ಸ್ತ್ರೀಪಾತ್ರಗಳನ್ನು ಮಾಡುತ್ತಿದ್ದ ಹುಡುಗರಿಗೆ ಹದಿಹರೆಯದಲ್ಲಿ ಕಂಠ ಒಡೆಯುವುದೇ ದೊಡ್ಡ ಆಘಾತ. ನಿನ್ನೆಯವರೆಗೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದ ಹಾಡು ಇಂದು ಬಾಯಿಗೆ ಬಾರದು. ಅಂತಹವರಲ್ಲಿ ಕೆಲವರು ಬೇರೆ ಪಾತ್ರ ಕಲಿತರು, ಕೆಲವರು ವಾದ್ಯ ಹಿಡಿದರು, ಕೆಲವರು ಪರದೆಯ ಹಿಂದಿನ ಕೆಲಸಗಳಲ್ಲಿ ನಿಪುಣರಾದರು. ಒಂದು ಪಾತ್ರ ಮುಗಿದರೂ ನಾಟಕ ಮುಗಿಯಲಿಲ್ಲ.

ಕ್ರೀಡಾರಂಗದಲ್ಲಿಯೂ ಇದೇ ಕ್ರಮ. ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರು. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2004ರ ಒಲಿಂಪಿಕ್ಸ್ ಅರ್ಹತೆ ಸ್ವಲ್ಪದರಲ್ಲಿ ಕೈತಪ್ಪಿತು. ಸ್ಪರ್ಧೆಯಿಂದ ನಿವೃತ್ತರಾದ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕಾಯಕ ಕೈಗೊಂಡರು. ಬಾಲ್ಯದಲ್ಲಿ ಒಮ್ಮೆ ನೀರಿನಲ್ಲಿ ಮುಳುಗಿ ಬದುಕಿದ್ದ ಹುಡುಗಿ ಅನೇಕ ಮಕ್ಕಳ ನೀರಿನ ಭಯ ನೀಗಿಸುವ ಗುರುವಾದದ್ದು ಪದಕಕ್ಕಿಂತ ಕಡಿಮೆಯ ಸಾಧನೆಯೆಂದು ನಾವು ಎಣಿಸುವುದಿಲ್ಲ.

ಆದರೆ ಇಂತಹ ಎರಡನೆಯ ದಾರಿ ತೆರೆದಿರಬೇಕಾದರೆ ಓದು ನಿಲ್ಲಬಾರದು. ಪಂದ್ಯಗಳಿಂದಾಗಿ ಶಾಲೆಯ ಹಾಜರಾತಿ ಕಷ್ಟವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯುವ ಅವಕಾಶವಿದೆ. ಪದವಿಯ ನಂತರ ಬಿ.ಪಿ.ಎಡ್. ಮಾಡಿ ದೈಹಿಕ ಶಿಕ್ಷಕರಾಗಬಹುದು, 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಡಿಪ್ಲೊಮಾ ಪಡೆಯಬಹುದು, ಫಿಸಿಯೋಥೆರಪಿ ಕಲಿಯಬಹುದು. ರೈಲ್ವೆ ಮುಂತಾದ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ನೇಮಕಾತಿಗಳೂ ಇವೆ. ಅಲ್ಲಿ ಆಯಾ ಪ್ರಕಟಣೆಯಲ್ಲಿ ನಮೂದಿಸಿದ ಅವಧಿಯ ಸಾಧನೆಯನ್ನೇ ಪರಿಗಣಿಸುವುದರಿಂದ, ಅರ್ಹತೆಯಿರುವಾಗಲೇ ಅರ್ಜಿ ಹಾಕುವುದು ಜಾಣತನ. ಪದಕಗಳನ್ನು ಗೋಡೆಗೆ ತೂಗುಹಾಕುವ ನಾವು ಪ್ರಮಾಣಪತ್ರಗಳನ್ನು ಎಲ್ಲೋ ಇಟ್ಟು ಮರೆಯುತ್ತೇವೆ. ನಾಳೆ ಅನ್ನ ಕೊಡುವುದು ಆ ಕಾಗದವೇ ಆಗಿರಬಹುದು.

ಈಗ ಮರಳಿ ಕರುಣ್ ನಾಯರ್ ಕಥೆಗೆ ಬರೋಣ. ತಮ್ಮ ರಾಜ್ಯದಲ್ಲಿ ಅವಕಾಶವಿಲ್ಲದಾಗ ಅವರು ಆಟ ಬಿಡಲಿಲ್ಲ; 2023ರಲ್ಲಿ ವಿದರ್ಭ ತಂಡ ಸೇರಿದರು, ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ಷೈರ್ ಪರವಾಗಿ ಆಡಿದರು. 2024–25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿದರು. ಇಡೀ ಪಂದ್ಯಾವಳಿಯಲ್ಲಿ ಔಟಾದದ್ದು ಎರಡೇ ಬಾರಿ. ಅಂತಿಮ ಪಂದ್ಯದಲ್ಲಿ ಅವರ ವಿದರ್ಭವನ್ನು ಸೋಲಿಸಿದ ತಂಡ ಯಾವುದು ಗೊತ್ತೇ? ಅವರನ್ನು ಬೆಳೆಸಿದ ಕರ್ನಾಟಕವೇ. ಆದರೆ ಅದೇ ಋತುವಿನ ರಣಜಿ ಅಂತಿಮ ಪಂದ್ಯದಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಗಳಿಸಿ, ವಿದರ್ಭ ಟ್ರೋಫಿ ಎತ್ತುವಲ್ಲಿ ಅವರು ನೆರವಾದರು. 2025ರ ಜೂನ್‌ನಲ್ಲಿ, ಎಂಟು ವರ್ಷಗಳಿಗೂ ಮೀರಿದ ಅಗಲಿಕೆಯ ನಂತರ, ಲೀಡ್ಸ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ತಂಡದಲ್ಲಿ ಕಾಣಿಸಿಕೊಂಡರು.

ಚಲನಚಿತ್ರವಾಗಿದ್ದರೆ ಇಲ್ಲಿಗೆ ಪರದೆ ಬೀಳಬೇಕಿತ್ತು. ಬದುಕು ಹಾಗಲ್ಲ. ಮರಳಿದ ಮೊದಲ ಇನ್ನಿಂಗ್ಸ್‌ನಲ್ಲಿ ಅವರು ಸೊನ್ನೆಗೆ ಔಟಾದರು. ಆ ಸರಣಿಯ ಎಂಟು ಇನ್ನಿಂಗ್ಸ್‌ಗಳಲ್ಲಿ ಗಳಿಸಿದ್ದು 205 ರನ್; ಓವಲ್‌ನಲ್ಲಿ ಬಂದ 57 ಅತಿ ಹೆಚ್ಚಿನದು. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಅವರನ್ನು ಆಯ್ಕೆ ಮಾಡಲಿಲ್ಲ. ಮೂವತ್ತಮೂರರ ವಯಸ್ಸಿನಲ್ಲಿ ಮತ್ತೊಮ್ಮೆ ಬಾಗಿಲು ಮುಚ್ಚಿತು. ಆಗ ಅವರು ಮಾಡಿದ್ದಾದರೂ ಏನು? ಮರಳಿ ಕರ್ನಾಟಕ ತಂಡ ಸೇರಿ, 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದ ಅಂಗಳದಲ್ಲಿ ಗೋವಾದ ವಿರುದ್ಧ ಔಟಾಗದೆ 174 ರನ್ ಗಳಿಸಿದರು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ‘ನೀನೂ ಹೀಗೆ ಮರಳಿ ಬರಲೇಬೇಕು’ ಎಂಬ ಹೊರೆಯನ್ನು ಅವರ ಹೆಗಲಿಗೇರಿಸದಿರೋಣ. ಮರಳಿ ಬರುವವರು ಕೆಲವರೇ. ಇದರಿಂದ ನಾವು ಕಲಿಯಬೇಕಾದುದು ಬೇರೆ ಇದೆ. ಮುನ್ನೂರು ಗಳಿಸಿದ ದಿನವೂ, ಸೊನ್ನೆಗೆ ಔಟಾದ ದಿನವೂ ಆತ ಅದೇ ಮನುಷ್ಯ. ಆಯ್ಕೆದಾರರು ರನ್ ಎಣಿಸಬೇಕು. ಅದು ಅವರ ಕೆಲಸ. ಎಣಿಸದೆ ಇರಬಲ್ಲದ್ದು ಮನೆಯೊಂದೇ. ಅಲ್ಲಿಯೂ ಎಣಿಕೆ ಆರಂಭವಾದರೆ ಮಗುವಿಗೆ ತಲೆಯಿಡಲು ಬೇರೆ ತಾವೆಲ್ಲಿ?

ಆದುದರಿಂದ ಓದುಗರಲ್ಲಿ ನಮ್ಮದೊಂದು ಸಣ್ಣ ವಿನಂತಿ. ನಮ್ಮ ಧರ್ಮಕೇಂದ್ರಗಳಲ್ಲಿ ಗೆದ್ದ ಮಕ್ಕಳ ಹೆಸರು ಕರೆದು ಸನ್ಮಾನಿಸುವ ಒಳ್ಳೆಯ ಪದ್ಧತಿ ಮುಂದುವರಿಯಲಿ. ಅದರ ಜೊತೆಗೆ, ಕಳೆದ ವರ್ಷ ಹಾರ ಹಾಕಿಸಿಕೊಂಡು ಈ ವರ್ಷ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಮಗು ಯಾವುದೆಂದು ಒಮ್ಮೆ ಕಣ್ಣಾಡಿಸೋಣ. ಪೂಜೆ ಮುಗಿದ ಮೇಲೆ ಹತ್ತಿರ ಹೋಗಿ, ಓಟದ ಮಾತೆತ್ತದೆ, ‘ಊಟಕ್ಕೆ ನಮ್ಮ ಮನೆಗೆ ಬಾರಪ್ಪ’ ಎಂದು ಕರೆಯೋಣ. ಮರುದಿನ ಮುಂಜಾನೆ ಆ ಮಗು ಮೈದಾನಕ್ಕೆ ಹೋದರೂ ಸರಿ, ಪುಸ್ತಕ ಹಿಡಿದರೂ ಸರಿ, ತಲೆಯೆತ್ತಿ ಹೋಗುತ್ತದೆ.